ಪೇಟೆ ಬೀದಿಗೆ ಯಾವ ಕೆಲಸ ಮೊದಲು? ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪುಣೆ, ಮುಂಬೈ, ಗೋವಾದ ಹಳೇ ಪೇಟೆಗಳಲ್ಲಿ ಅಂಗಡಿ, ಹೋಟೆಲು ನಡೆಸುವ ಮತ್ತು ಅಲ್ಲೇ ಮಹಡಿಯ ಮೇಲೆ ಸಂಸಾರ ಮಾಡುವ ಓದುಗರಿಂದ ಈ ಸಲ ಬೀದಿ ಸುಧಾರಣೆಯ ಬಗ್ಗೆ ಪತ್ರಗಳು ಬಂದಿವೆ. ಒಂದೇ ವಿಷಯದ ಪತ್ರಗಳನ್ನು ಕೂಡಿಸಿ, ಹೆಸರು ಬಿಟ್ಟು ಊರನ್ನಷ್ಟೇ ಹಾಕಿದ್ದೇವೆ. ಉತ್ತರ ಬರೆದವರು ರಸ್ತೆ ವಿನ್ಯಾಸ, ಸಾರಿಗೆ ಮತ್ತು ಸಿವಿಲ್ ಕೆಲಸದಲ್ಲಿ ಪಳಗಿದವರು.

ಪ್ರಶ್ನೆ: ನಮ್ಮ ಬೀದಿಯ ವ್ಯಾಪಾರಿ ಸಂಘಕ್ಕೆ ನಾನು ಕಾರ್ಯದರ್ಶಿ. ರಸ್ತೆ ಸುಧಾರಣೆಗೆ ಪಾಲಿಕೆಯಿಂದ ಒಂದಿಷ್ಟು ಹಣ ಬರುವಂತಿದೆ. ಒಬ್ಬರು ಪಾರ್ಕಿಂಗ್ ಕಟ್ಟಡ ಬೇಕೆನ್ನುತ್ತಾರೆ, ಇನ್ನೊಬ್ಬರು ಗ್ರಾನೈಟ್ ಫುಟ್‌ಪಾತ್, ಮತ್ತೊಬ್ಬರು ಗಿಡ ಮತ್ತು ಅಲಂಕಾರದ ದೀಪದ ಕಂಬ. ಎಲ್ಲಕ್ಕೂ ಹಣ ಸಾಲದು. ಯಾವುದನ್ನು ಮೊದಲು ಹಿಡಿಯಬೇಕು?
(ಶುಕ್ರವಾರ ಪೇಟೆ, ಪುಣೆ)

ಉತ್ತರ: ಸಭೆಯಲ್ಲಿ ಕೈ ಎತ್ತಿಸಿ ತೀರ್ಮಾನ ಮಾಡಬೇಡಿ. ಕೈ ಎತ್ತಿಸಿದರೆ ಪಾರ್ಕಿಂಗ್ ಕಟ್ಟಡವೇ ಗೆಲ್ಲುತ್ತದೆ. ಸಭೆಗೆ ಬಂದವರೆಲ್ಲ ಅಂಗಡಿಯ ಯಜಮಾನರು, ಬಹುಪಾಲು ಸ್ವಂತ ಗಾಡಿಯಲ್ಲಿ ಬಂದವರು. ಗಿರಾಕಿ ಆ ಸಭೆಯಲ್ಲಿ ಇರುವುದೇ ಇಲ್ಲ. ಆದ್ದರಿಂದ ಮೊದಲು ಎಣಿಕೆ ಮಾಡಿಸಿ. ನಾಲ್ಕೈದು ಕಾಲೇಜು ಹುಡುಗರಿಗೆ ಮೂರು ದಿನದ ಭತ್ಯೆ ಕೊಟ್ಟರೆ ಮುಗಿಯುವ ಕೆಲಸ ಅದು.

ಎರಡು ಎಣಿಕೆ ಸಾಕು. ಮೊದಲನೆಯದು ನಿಂತ ಗಾಡಿಗಳದ್ದು. ಬೀದಿಯನ್ನು 20 ಮೀಟರಿನ ತುಂಡುಗಳಾಗಿ ವಿಂಗಡಿಸಿ, ಬೆಳಿಗ್ಗೆ 8ರಿಂದ ರಾತ್ರಿ 9ರವರೆಗೆ ಅರ್ಧ ಗಂಟೆಗೊಮ್ಮೆ ಪ್ರತಿ ತುಂಡಿನಲ್ಲಿ ನಿಂತ ಗಾಡಿಗಳ ನಂಬರಿನ ಕೊನೆಯ ನಾಲ್ಕು ಅಂಕಿ ಬರೆದುಕೊಳ್ಳಲಿ. ವಾರದ ಮಧ್ಯದ ಎರಡು ದಿನ, ಒಂದು ಶನಿವಾರ. ಹಬ್ಬದ ವಾರ ಬೇಡ, ಆ ಲೆಕ್ಕ ಉಳಿದ ದಿನಗಳಿಗೆ ಹೊಂದುವುದಿಲ್ಲ. 8 ಗಂಟೆಯ ಸುತ್ತನ್ನು ತಪ್ಪಿಸಬೇಡಿ. ಅಂಗಡಿ ತೆರೆಯುವ ಮೊದಲೇ ಬಂದು ರಾತ್ರಿಯವರೆಗೂ ಕದಲದ ನಂಬರುಗಳು ಗಿರಾಕಿಗಳದ್ದಲ್ಲ. ಅವು ಯಜಮಾನರದ್ದು, ಕೆಲಸದವರದ್ದು, ಇಲ್ಲವೇ ಮೇಲಿನ ಮನೆಯವರದ್ದು. ಆ ಪಟ್ಟಿಯನ್ನು ಸಂಘದ ಸಭೆಯಲ್ಲಿ ಓದುವುದು ತುಸು ಮುಜುಗರದ ಕೆಲಸ, ಆದರೆ ಅರ್ಧ ಚರ್ಚೆ ಅಲ್ಲೇ ಮುಗಿಯುತ್ತದೆ.

ಎರಡನೆಯದು ಗಿರಾಕಿ ಹೇಗೆ ಬಂದರು ಎಂಬುದು. ಅಂಗಡಿಯ ಬಾಗಿಲಲ್ಲಿ ಒಂದೇ ಪ್ರಶ್ನೆ: ನಡೆದು ಬಂದಿರೋ, ಬಸ್ಸೋ, ಮೆಟ್ರೋನೋ, ರಿಕ್ಷಾನೋ, ಸ್ಕೂಟರೋ, ಕಾರೋ? ಕೇಳುವ ಮೊದಲು ಅಂಗಡಿಯವರ ಅಂದಾಜನ್ನೂ ಬರೆಸಿಕೊಳ್ಳಿ. ಇಂಗ್ಲೆಂಡಿನ ಬ್ರಿಸ್ಟಲ್‌ನ ಒಂದು ಪೇಟೆ ಬೀದಿಯಲ್ಲಿ ಹೀಗೆ ಕೇಳಿದಾಗ ನೂರರಲ್ಲಿ 41 ಗಿರಾಕಿಗಳು ಕಾರಿನಲ್ಲಿ ಬರುತ್ತಾರೆ ಎಂದಿದ್ದರು ವ್ಯಾಪಾರಿಗಳು. ಬಾಗಿಲಲ್ಲಿ ನಿಂತು ಕೇಳಿದರೆ ಸಿಕ್ಕಿದ್ದು 22. ಕಾರಿನಲ್ಲಿ ಬಂದವರು ಪಾರ್ಕಿಂಗ್ ಸಿಗಲಿಲ್ಲವೆಂದು ಗೊಣಗುತ್ತಾರೆ, ನಡೆದು ಬಂದವರು ಫುಟ್‌ಪಾತ್ ಬಗ್ಗೆ ಗಲ್ಲಾದಲ್ಲಿ ಕೂತವರ ಹತ್ತಿರ ಗೊಣಗುವುದಿಲ್ಲ. ಅಂದಾಜು ತಪ್ಪುವುದು ಅಲ್ಲೇ.

ಎಣಿಕೆ ಕೈಗೆ ಬಂದ ಮೇಲೆ ಪ್ರತಿ ಬೇಡಿಕೆಗೂ ಇಷ್ಟು ಕೇಳಿ. ಗಂಟೆಗೆ ಎಷ್ಟು ಜನರಿಗೆ ಉಪಯೋಗ? ಅಗೆಯಬೇಕೆ? ಮುಗಿದ ಮೇಲೆ ಇನ್ಯಾರಾದರೂ ಅದೇ ಜಾಗವನ್ನು ಮತ್ತೆ ಅಗೆಯುತ್ತಾರೆಯೇ? ಐದು ವರ್ಷ ನೋಡಿಕೊಳ್ಳುವವರು ಯಾರು? ಹೀಗೆ ಜರಡಿ ಹಿಡಿದರೆ ಸರದಿ ತಾನಾಗಿ ಮೂಡುತ್ತದೆ. ಅಗೆಯದೆ ಆಗುವ ಕೆಲಸ ಮೊದಲು: ಜೀಬ್ರಾ ಪಟ್ಟೆ, ಗಾಡಿ ನಿಲ್ಲಿಸುವ ಗೆರೆ, ಟೆಂಪೋ ಇಳಿಸುವ ಸಮಯ, ಬಸ್ ನಿಲ್ದಾಣದ ಜಾಗ ಬದಲಾವಣೆ, ಫುಟ್‌ಪಾತಿನ ಮೇಲಿನ ಹಳೇ ಕಂಬ ಮತ್ತು ಕೆಟ್ಟ ಬೋರ್ಡುಗಳ ತೆರವು. ಇದಕ್ಕೆ ಒಂದು ತಿಂಗಳು ಹಿಡಿಯಬಹುದು, ಹಣ ಅಷ್ಟಿಲ್ಲ. ಆಮೇಲೆ ನೆಲದಡಿಯದ್ದು: ಮಳೆನೀರಿನ ಚರಂಡಿ, ಒಳಚರಂಡಿ, ನೀರಿನ ಪೈಪು, ಕೇಬಲ್ ಕೊಳವೆ. ಅದರ ಮೇಲೆ ಫುಟ್‌ಪಾತು, ದಾಟುವ ಜಾಗ. ನಂತರ ದೀಪ. ಗಿಡ ನೆಡುವುದು ಕೊನೆಗೇ ಆದರೂ ಗುಂಡಿಯ ಜಾಗ ಮಾತ್ರ ಚರಂಡಿಯ ನಕ್ಷೆಯಲ್ಲೇ ಗುರುತಾಗಿರಬೇಕು. ಇಲ್ಲವಾದರೆ ಕೊನೆಗೆ ಗಿಡಕ್ಕೆ ಉಳಿಯುವುದು ಕುಂಡ. ಪಾರ್ಕಿಂಗ್ ಕಟ್ಟಡದ ಮಾತು ಇಷ್ಟೆಲ್ಲ ಆದ ಮೇಲೂ ಜಾಗ ಸಾಲದಿದ್ದರೆ.

ಗ್ರಾನೈಟ್ ಬಗ್ಗೆ ಒಂದು ಮಾತು. ಪಾಲಿಶ್ ಮಾಡಿದ ಗ್ರಾನೈಟ್ ಮಳೆಗೆ ಜಾರುತ್ತದೆ. ಹಾಕಲೇಬೇಕೆಂದಿದ್ದರೆ ಬೆಂಕಿ ಹಾಯಿಸಿ ಒರಟು ಮಾಡಿದ್ದನ್ನೇ ಹಾಕಿಸಿ.

ಪ್ರಶ್ನೆ: ನಮ್ಮದು ಸೀರೆ ಅಂಗಡಿ. ರಸ್ತೆಯಲ್ಲಿ ಗಾಡಿ ನಿಲ್ಲಿಸಲು ಹಣ ವಸೂಲಿ ಶುರುವಾದರೆ ಗಿರಾಕಿಗಳು ಮಾಲ್‌ಗಳ ಕಡೆ ತಿರುಗುತ್ತಾರೆ ಎಂಬ ಹೆದರಿಕೆ. ಬಿಟ್ಟಿ ಪಾರ್ಕಿಂಗ್ ಇದ್ದರೇನು ಕೆಟ್ಟದ್ದು?
(ಲಕ್ಷ್ಮಿ ರಸ್ತೆ, ಪುಣೆ)

ಉತ್ತರ: ನಿಮ್ಮ ಅಂಗಡಿಯ ಮುಂದಿನ ಜಾಗದ ಲೆಕ್ಕ ಹಾಕೋಣ. 100 ಮೀಟರ್ ರಸ್ತೆಯಂಚಿನಲ್ಲಿ ಮೂಲೆ, ವಾಡೆಗಳ (ಅಂಗಳವಿರುವ ಹಳೇ ದೊಡ್ಡ ಮನೆಗಳ) ಗೇಟು, ಜನ ದಾಟುವ ಜಾಗ ಕಳೆದರೆ ಸುಮಾರು 70 ಮೀಟರ್ ಉಳಿಯುತ್ತದೆ. ಸಾಲಾಗಿ ನಿಲ್ಲುವ ಒಂದು ಕಾರಿಗೆ ಒಳಹೊಕ್ಕು ಹೊರಬರುವ ಜಾಗ ಸೇರಿ 6 ಮೀಟರ್ ಬೇಕು. ಅಂದರೆ 11 ಕಾರು. ಅದೇ ಜಾಗದಲ್ಲಿ ಅಡ್ಡಲಾಗಿ ನಿಲ್ಲಿಸಿದರೆ 70 ಸ್ಕೂಟರ್. ಪುಣೆಯಂಥ ಸ್ಕೂಟರ್ ಊರಿನಲ್ಲಿ ಯಾವುದಕ್ಕೆ ಜಾಗ ಕೊಡಬೇಕೆಂದು ಬಿಡಿಸಿ ಹೇಳಬೇಕಿಲ್ಲ. ಇನ್ನು ಆ 11 ಕಾರುಗಳು ಬೆಳಿಗ್ಗೆ ಬಂದು ರಾತ್ರಿ ಹೋದರೆ ದಿನಕ್ಕೆ 11. ಗಂಟೆಗೊಂದು ಬದಲಾದರೆ ಹತ್ತು ಗಂಟೆಯ ವ್ಯಾಪಾರಕ್ಕೆ 110. ಬಿಟ್ಟಿ ಜಾಗ ಬೆಳಿಗ್ಗೆ ಮೊದಲು ಬಂದವನ ಪಾಲು, ಸೀರೆ ಕೊಳ್ಳುವವರು ಬೆಳಿಗ್ಗೆ ಮೊದಲು ಬರುವುದಿಲ್ಲ.

ಅಮೆರಿಕದ ಲಾಸ್ ಏಂಜಲಿಸ್ ಪಕ್ಕದ ಓಲ್ಡ್ ಪಸಡೀನಾ ಎಂಬ ಹಳೇ ಪೇಟೆಯಲ್ಲಿ ಇದೇ ತಕರಾರು ಇತ್ತು. ಅಲ್ಲಿಯೂ ರಸ್ತೆಯಂಚಿನ ಜಾಗವನ್ನು ಅಂಗಡಿಯ ಕೆಲಸದವರೇ ಹಿಡಿದಿದ್ದರು, ಪಾರ್ಕಿಂಗ್ ಹಣ ವಸೂಲಿ ಮಾಡುವ ಮೀಟರು ಬೇಡವೆಂದು ವ್ಯಾಪಾರಿಗಳೇ ಅಡ್ಡ ನಿಂತಿದ್ದರು. ಮೀಟರಿನ ಹಣವನ್ನು ಇದೇ ಬೀದಿಗಳ ಫುಟ್‌ಪಾತು, ಗಿಡ, ದೀಪ, ಓಣಿಗಳಿಗೆ ಖರ್ಚು ಮಾಡುತ್ತೇವೆಂದು ನಗರಾಡಳಿತ ಮಾತು ಕೊಟ್ಟ ಮೇಲೆ ಒಪ್ಪಿದರು. 1993ರಲ್ಲಿ ಗಂಟೆಗೆ ಒಂದು ಡಾಲರಿನಂತೆ ಶುರುವಾಯಿತು. ಪಾಳು ಬಿದ್ದಿದ್ದ ಪೇಟೆ ಚೇತರಿಸಿಕೊಂಡಿತು. ಈ ವಿಷಯವನ್ನೇ ಜೀವಮಾನವಿಡೀ ಅಭ್ಯಾಸ ಮಾಡಿದ ಡೊನಾಲ್ಡ್ ಶೂಪ್ ಅವರ ಸೂತ್ರ ಸರಳ: ಯಾವ ದರಕ್ಕೆ ನೂರರಲ್ಲಿ 85 ಜಾಗ ತುಂಬಿ 15 ಖಾಲಿ ಉಳಿಯುತ್ತದೋ ಅದೇ ಸರಿಯಾದ ದರ. ಬಂದವರಿಗೆ ಕೂಡಲೇ ಜಾಗ ಸಿಕ್ಕಬೇಕು, ಸುತ್ತುತ್ತ ಟ್ರಾಫಿಕ್ ಹೆಚ್ಚಿಸಬಾರದು.

ನಮ್ಮಲ್ಲಿ ಕೆಡುವುದು ಎಲ್ಲಿ? ಒಂದು, ಗುತ್ತಿಗೆ. ವರ್ಷಕ್ಕೆ ಇಂತಿಷ್ಟು ಎಂದು ಮೊತ್ತ ಕಟ್ಟಿ ಗುತ್ತಿಗೆ ಹಿಡಿದವನು ಮೂಲೆ, ಗೇಟು, ಫುಟ್‌ಪಾತ್ ಎಲ್ಲ ಕಡೆ ಗಾಡಿ ತುಂಬಿಸುತ್ತಾನೆ, ಚೀಟಿ ಕೊಡದೆ ನಗದು ತೆಗೆದುಕೊಳ್ಳುತ್ತಾನೆ. ಗುತ್ತಿಗೆದಾರನಿಗೆ ಸೇವೆಯ ಶುಲ್ಕ ಕೊಟ್ಟು, ವಸೂಲಿ ಪಾಲಿಕೆಯ ಖಾತೆಗೆ ನೇರವಾಗಿ ಯುಪಿಐ ಮೂಲಕ ಹೋಗುವಂತೆ ಮಾಡಬೇಕು. ಎರಡು, ದರ ತಲೆಕೆಳಗಾಗುವುದು. ರಸ್ತೆಯಂಚು ಅಗ್ಗವಾಗಿ, ಪಕ್ಕದ ಪಾರ್ಕಿಂಗ್ ಕಟ್ಟಡ ದುಬಾರಿಯಾದರೆ ಕಟ್ಟಡ ಖಾಲಿ, ರಸ್ತೆ ಜಾಮ್. ರಸ್ತೆಯಂಚೇ ಯಾವಾಗಲೂ ಹೆಚ್ಚಿನ ದರದ್ದಾಗಿರಲಿ. ಮೂರನೆಯದು, ಸ್ಕೂಟರಿಗೂ ದರ ಇಡುವುದು. ಪುಣೆ ಪಾಲಿಕೆ 2018ರಲ್ಲಿ ಪಾರ್ಕಿಂಗ್ ನೀತಿಯನ್ನು ಒಪ್ಪಿತು, ಆದರೆ ಜನರ ವಿರೋಧಕ್ಕೆ ಮಣಿದು ಅದನ್ನು ಸಾಕಷ್ಟು ತೆಳುಗೊಳಿಸಿಯೇ ಒಪ್ಪಿದ್ದು. ಸ್ಕೂಟರಿನ ವಿಷಯಕ್ಕೆ ಕೈ ಹಾಕಿದರೆ ಇಡೀ ಊರು ಎದ್ದು ನಿಲ್ಲುತ್ತದೆ. ನಮ್ಮ ಸಲಹೆ, ಮೊದಲ ಎರಡು ಗಂಟೆ ಸ್ಕೂಟರಿಗೆ ಬಿಟ್ಟಿ, ಆಮೇಲೆ ದರ. ಕೊಳ್ಳುವವರಿಗೆ ಅಷ್ಟು ಸಾಕು, ದಿನವಿಡೀ ಬಿಟ್ಟು ಹೋಗುವವರು ಮಾತ್ರ ತೆರುತ್ತಾರೆ.

ಸೀರೆ ಬೇಲು ಇಳಿಸುವ ಟೆಂಪೋಗಳಿಗೆ ಬೆಳಿಗ್ಗೆ 7ರಿಂದ 10ರವರೆಗೆ ಬೇರೆ ಜಾಗ ಗುರುತಿಸಿ. ಮಧ್ಯಾಹ್ನ ಎರಡನೇ ಸಾಲಿನಲ್ಲಿ ನಿಂತ ಒಂದೇ ಟೆಂಪೋ ಇಡೀ ರಸ್ತೆಯ ಅರ್ಧ ಅಗಲ ತಿನ್ನುತ್ತದೆ.

ಪ್ರಶ್ನೆ: ಹಾಗಾದರೆ ಬಹುಮಹಡಿ ಪಾರ್ಕಿಂಗ್ ಕಟ್ಟುವುದೇ ಬೇಡವೆ?
(ಸದಾಶಿವ ಪೇಟೆ, ಪುಣೆ)

ಉತ್ತರ: ಬೇಡ ಎಂದಲ್ಲ, ಇರುವುದು ತುಂಬಿದ ಮೇಲೆ. ಮಂಡೈ ಮಾರುಕಟ್ಟೆಯ ಹತ್ತಿರ ಮಿನರ್ವಾ, ಆರ್ಯನ್ ಪಾರ್ಕಿಂಗ್‌ಗಳಿವೆ. ಅಲ್ಲಿ ಸಂಜೆ 6ಕ್ಕೆ ಎಷ್ಟು ಜಾಗ ಖಾಲಿಯಿದೆ ಎಂದು ಒಂದು ವಾರ ನೋಡಿ, ಅದೇ ಹೊತ್ತಿಗೆ ರಸ್ತೆಯನ್ನೂ ನೋಡಿ. ಕಟ್ಟಡದಲ್ಲಿ ಇಳಿಜಾರು, ಓಡಾಟದ ದಾರಿ ಸೇರಿ ಒಂದು ಕಾರಿಗೆ 30 ಚದರ ಮೀಟರಿನಷ್ಟು ನೆಲ ಹೋಗುತ್ತದೆ, ರಸ್ತೆಯಲ್ಲಾದರೆ 12.5. ಯಂತ್ರದಿಂದ ಎತ್ತುವ ಗೋಪುರಕ್ಕೆ ಜಾಗ ಕಡಿಮೆ ಸಾಕು, ಆದರೆ ವಿದ್ಯುತ್, ಬಿಡಿಭಾಗ, ನಿರ್ವಾಹಕ ಮೂರೂ ಯಾವಾಗಲೂ ಬೇಕು. ಸಂಜೆ ಎಲ್ಲರೂ ಒಟ್ಟಿಗೆ ಹೊರಟಾಗ ಒಂದೊಂದೇ ಕಾರು ಕೆಳಗಿಳಿಯುವುದನ್ನು ಕಾಯುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಪ್ರಶ್ನೆ: ಸ್ಟೇಷನ್ ರಸ್ತೆಯ ಫುಟ್‌ಪಾತಿಗೆ ಪೇವರ್ ಇಟ್ಟಿಗೆ ಹಾಕಿ ಎರಡು ಮಳೆಗಾಲ ಕಳೆಯುವುದರೊಳಗೆ ಕುಸಿದು ಗುಂಡಿಯಾಗಿದೆ. ಇಟ್ಟಿಗೆಯ ದೋಷವೋ, ಕೆಲಸದ್ದೋ? ನಾನೂ ಸಿವಿಲ್ ಡಿಪ್ಲೊಮಾ ಮಾಡಿದವನು, ವಿವರವಾಗಿ ಹೇಳಿ.
(ಡೊಂಬಿವ್ಲಿ ಪೂರ್ವ)

ಉತ್ತರ: ನೂರಕ್ಕೆ ತೊಂಬತ್ತು ಸಲ ದೋಷ ಇಟ್ಟಿಗೆಯ ಕೆಳಗಿರುತ್ತದೆ. ಕುಸಿದ ಜಾಗದಲ್ಲಿ ನಾಲ್ಕು ಇಟ್ಟಿಗೆ ಎಬ್ಬಿಸಿ ನೋಡಿ. ಮರಳಿನ ಪದರ ಒಂದು ಕಡೆ 30 ಮಿ.ಮೀ., ಇನ್ನೊಂದು ಕಡೆ 100 ಮಿ.ಮೀ. ಇದ್ದರೆ ಕಾರಣ ಸಿಕ್ಕಿತು. ತಳವನ್ನು ಸಮ ಮಾಡದೆ ಏರುತಗ್ಗನ್ನು ಮರಳಿನಿಂದ ಮುಚ್ಚಿರುತ್ತಾರೆ. ಮಳೆ ನೀರು ಇಳಿದಾಗ ದಪ್ಪ ಮರಳು ಸರಿಯುತ್ತದೆ, ಇಟ್ಟಿಗೆ ಹಿಂದೆಯೇ ಕೂರುತ್ತದೆ. ಮರಳು ಎಲ್ಲ ಕಡೆ ಸಮನಾಗಿದ್ದೂ ಉದ್ದುದ್ದಕ್ಕೆ ಕುಸಿದಿದ್ದರೆ ಕೆಳಗೆ ಕೇಬಲ್ಲಿನದೋ ಪೈಪಿನದೋ ಹಳೇ ಕಾಲುವೆ ಇದೆ ಎಂದರ್ಥ. ಅದನ್ನು ಒಮ್ಮೆಲೇ ಮಣ್ಣು ಸುರಿದು ಮುಚ್ಚಿರುತ್ತಾರೆ. 150ರಿಂದ 200 ಮಿ.ಮೀ. ಪದರಗಳಲ್ಲಿ ನೀರು ಹಾಕಿ ದಮ್ಮಸ್ಸು ಮಾಡಬೇಕಿತ್ತು.

ಸರಿಯಾದ ಕ್ರಮ ಹೀಗೆ. ನೆಲ ಅಗೆದು ದಮ್ಮಸ್ಸು. ಅದರ ಮೇಲೆ 100ರಿಂದ 150 ಮಿ.ಮೀ. ಜಲ್ಲಿಯ ತಳ, ಅದನ್ನೇ ಚರಂಡಿಯ ಕಡೆಗೆ 50ಕ್ಕೆ 1ರ ಇಳಿಜಾರಿನಲ್ಲಿ ರೋಲ್ ಮಾಡಬೇಕು. ಇಳಿಜಾರು ತಳದಲ್ಲೇ ಬರಬೇಕು, ಮರಳಿನಲ್ಲಲ್ಲ. ಆಮೇಲೆ ಅಂಚಿನ ಕರ್ಬ್ ಕಲ್ಲು ಕಾಂಕ್ರೀಟಿನಲ್ಲಿ ಕೂರಿಸಿ ಗಟ್ಟಿಯಾಗಲು ಬಿಡಬೇಕು. ಅಂಚು ಗಟ್ಟಿಯಿಲ್ಲದಿದ್ದರೆ ಇಟ್ಟಿಗೆಗಳು ಹೊರಕ್ಕೆ ಸರಿದು ಸಂದು ಬಿಡುತ್ತವೆ. ಅನಂತರ 25ರಿಂದ 40 ಮಿ.ಮೀ. ಮರಳು, ಪಟ್ಟಿಯಿಂದ ಎಳೆದು ಸಮ ಮಾಡಿದ ಮೇಲೆ ಅದರ ಮೇಲೆ ಯಾರೂ ಕಾಲಿಡಬಾರದು. ನಡೆಯುವ ಜಾಗಕ್ಕೆ 60 ಮಿ.ಮೀ. ದಪ್ಪದ ಇಟ್ಟಿಗೆ ಸಾಕು. ಗೇಟುಗಳ ಮುಂದೆ, ಗಾಡಿ ಹಾಯುವಲ್ಲಿ 80 ಮಿ.ಮೀ., ಕಾಂಕ್ರೀಟಿನ ಬಲ ಎಂ-40 ದರ್ಜೆ. ಸಂದು 2ರಿಂದ 4 ಮಿ.ಮೀ. ಕೊನೆಗೆ ಒಣಗಿದ ನುಣುಪು ಮರಳು ಎರಚಿ ಪ್ಲೇಟ್ ಕಂಪನ ಯಂತ್ರ ಓಡಿಸಿ, ಮತ್ತೆ ಎರಚಿ, ಮತ್ತೆ ಓಡಿಸಬೇಕು. ಈ ಕೊನೆಯ ಸುತ್ತನ್ನೇ ಹೆಚ್ಚಿನವರು ತಪ್ಪಿಸುವುದು. ಸಂದಿನ ಮರಳೇ ಇಟ್ಟಿಗೆಗಳನ್ನು ಒಂದಕ್ಕೊಂದು ಬಿಗಿಯುವುದು, ಅದಿಲ್ಲದೆ ಪ್ರತಿ ಇಟ್ಟಿಗೆಯೂ ಒಂಟಿಯಾಗಿ ಭಾರ ಹೊರುತ್ತದೆ.

ಎತ್ತರದ ವಿಷಯವನ್ನು ಟೆಂಡರ್ ನೋಡುವಾಗಲೇ ಹಿಡಿಯಿರಿ. ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಪಾದಚಾರಿ ಮಾರ್ಗಸೂಚಿಯಂತೆ ಫುಟ್‌ಪಾತು ರಸ್ತೆಗಿಂತ 150 ಮಿ.ಮೀ. ಮೀರಿ ಎತ್ತರವಿರಬಾರದು. ಯಾವ ಅಡ್ಡಿಯೂ ಇಲ್ಲದ ನಡೆಯುವ ಅಗಲ ಕನಿಷ್ಠ 1.8 ಮೀಟರ್, ಅಂಗಡಿ ಬೀದಿಯಲ್ಲಿ ಇದಕ್ಕಿಂತ ಹೆಚ್ಚು. ಸ್ಕೂಟರು ಹತ್ತದಿರಲೆಂದು ಒಂದಡಿ ಎತ್ತರ ಕಟ್ಟಿದರೆ ಸ್ಕೂಟರಿನ ಜೊತೆಗೆ ವಯಸ್ಸಾದವರೂ ಹತ್ತುವುದಿಲ್ಲ, ಎಲ್ಲರೂ ರಸ್ತೆಗಿಳಿಯುತ್ತಾರೆ. ಪ್ರತಿ ಗೇಟಿಗೂ ಫುಟ್‌ಪಾತನ್ನು ಇಳಿಸಿ ಏರಿಸುವುದೂ ಅಂಥದೇ ತಪ್ಪು. ಫುಟ್‌ಪಾತು ಒಂದೇ ಮಟ್ಟದಲ್ಲಿ ಸಾಗಲಿ, ಕಾರು ಬೇಕಾದರೆ ಏರಿ ಇಳಿಯಲಿ. ತುದಿಗಳಲ್ಲಿ ಗಾಲಿಕುರ್ಚಿಗೆ 12ಕ್ಕೆ 1ರ ಇಳಿಜಾರು. ಅಡ್ಡ ಕಂಬಗಳ ನಡುವೆ ಕನಿಷ್ಠ 900 ಮಿ.ಮೀ. ಬಿಡಬೇಕು. ಅಷ್ಟರಲ್ಲಿ ಸ್ಕೂಟರೂ ನುಗ್ಗುತ್ತದೆ, ನಿಜ. ಅದಕ್ಕೆ ದಂಡವೇ ಮದ್ದು, ಕಂಬ ಒತ್ತಾಗಿ ನೆಡುವುದಲ್ಲ.

ಕೆಲಸ ದಸರಾ ಕಳೆದ ಮೇಲೆ ಶುರುವಾಗಿ ಮೇ ನಡುವಿಗೆ ಮುಗಿಯಬೇಕು. ಜೂನ್‌ನಲ್ಲಿ ಅರ್ಧ ತೆರೆದ ಚರಂಡಿ ಇದ್ದರೆ ಇಡೀ ಕೆಲಸ ಕೆಸರಾಗುತ್ತದೆ.

ಪ್ರಶ್ನೆ: ಮಂಡೈ ಮೆಟ್ರೋ ನಿಲ್ದಾಣ ಬಂದಮೇಲೂ ಬಸ್ಸಿಗಾಗಿ ರಸ್ತೆಯ ನಡುವೆ ನಿಂತು ಕೈ ಅಡ್ಡ ಹಿಡಿಯಬೇಕು. ಬಸ್ ನಿಲ್ದಾಣದ ಖಾಲಿ ಜಾಗದಲ್ಲಿ ರಿಕ್ಷಾಗಳೇ ನಿಂತಿರುತ್ತವೆ. ಇದಕ್ಕೆ ಏನು ಮಾಡಬಹುದು?
(ಬುಧವಾರ ಪೇಟೆ, ಪುಣೆ, ಗೃಹಿಣಿ)

ಉತ್ತರ: ನೀವು ಹೇಳುವ ಖಾಲಿ ಜಾಗ, ಅಂದರೆ ಬಸ್ಸಿಗೆಂದು ಫುಟ್‌ಪಾತ್ ಕೊರೆದು ಮಾಡಿದ ಕೊಲ್ಲಿಯೇ ತೊಂದರೆಯ ಮೂಲ. ಅದನ್ನು ನೋಡಿದ ಕೂಡಲೇ ರಿಕ್ಷಾ, ಟೆಂಪೋ ಬಂದು ನಿಲ್ಲುತ್ತವೆ. ಒಳಗೆ ಹೋದ ಬಸ್ಸಿಗೆ ಮತ್ತೆ ಸಾಲಿಗೆ ಸೇರಲು ಯಾರೂ ದಾರಿ ಬಿಡುವುದಿಲ್ಲ, ಹಾಗಾಗಿ ಚಾಲಕ ಒಳಗೆ ಹೋಗುವುದೇ ಇಲ್ಲ. ಪೇಟೆಯೊಳಗೆ ಇದರ ತದ್ವಿರುದ್ಧ ಮಾಡಬೇಕು. ಗಾಡಿ ನಿಲ್ಲಿಸುವ ಸಾಲಿರುವ ಕಡೆ ಫುಟ್‌ಪಾತನ್ನೇ ಆ ಸಾಲಿನಷ್ಟು, 2ರಿಂದ 2.5 ಮೀಟರ್, ಹೊರಕ್ಕೆ ಚಾಚಿ ಬಸ್ಸು ತನ್ನ ಸಾಲಿನಲ್ಲೇ ನಿಲ್ಲುವಂತೆ ಮಾಡುವುದು. 12 ಮೀಟರಿನ ಬಸ್ಸಿಗೆ 15 ಮೀಟರ್ ಉದ್ದದ ಚಾಚು ಸಾಕು, ಎರಡು ಬಸ್ಸು ಒಟ್ಟಿಗೆ ಬರುವಲ್ಲಿ 30. ಕಾಯುವವರಿಗೆ ಜಾಗ, ದಾಟುವವರಿಗೆ ರಸ್ತೆಯ ಅಗಲ ಕಡಿಮೆ, ರಿಕ್ಷಾಕ್ಕೆ ನುಸುಳಲು ಎಡೆ ಇಲ್ಲ.

ನಿಲ್ದಾಣ ಚೌಕಕ್ಕೆ ಮೊದಲು ಬೇಡ, ಚೌಕ ದಾಟಿದ ಮೇಲೆ ಇರಲಿ. ಮೊದಲೇ ಇದ್ದರೆ ಬಸ್ಸಿನ ಹಿಂದೆ ನಿಂತವರು ಹಸಿರು ದೀಪ ತಪ್ಪಿಸಿಕೊಂಡು ಹಾರ್ನ್ ಹೊಡೆಯುತ್ತಾರೆ, ಇಳಿದವರು ಬಸ್ಸಿನ ಮುಂದಿನಿಂದ ದಾಟಲು ಹೋಗಿ ಪಕ್ಕದ ಗಾಡಿಗೆ ಸಿಗುತ್ತಾರೆ. ಮೆಟ್ರೋದ ಜಿಲ್ಲಾ ನ್ಯಾಯಾಲಯದಿಂದ ಸ್ವಾರ್‌ಗೇಟ್‌ವರೆಗಿನ ನೆಲದಡಿಯ ಭಾಗ, ಕಸಬಾ ಪೇಟೆ ಮತ್ತು ಮಂಡೈ ನಿಲ್ದಾಣ ಸೇರಿ, 2024ರ ಸೆಪ್ಟೆಂಬರ್ 29ರಂದು ತೆರೆಯಿತು. ನೆಲದಿಂದ ಮೇಲೆ ಬಂದವರಿಗೆ ಬಾಗಿಲಿಂದ 50 ಮೀಟರಿನೊಳಗೆ ಬಸ್ಸು, ಅದಕ್ಕಿಂತ ತುಸು ಆಚೆ ರಿಕ್ಷಾ ಸಾಲು ಸಿಗಬೇಕು. ಈಗ ಸಾಮಾನ್ಯವಾಗಿ ಕಾಣುವುದು ತಿರುಗುಮುರುಗು. ಪುಣೆಯ ನಗರ ಬಸ್ ಸಂಸ್ಥೆ ಪಿಎಂಪಿಎಂಎಲ್ 2021ರಲ್ಲಿ ಪೇಟೆಗಳೊಳಗೆ ಚಿಕ್ಕ ಬಸ್ಸು ಬಿಟ್ಟು ದಿನಕ್ಕೆ 10 ರೂಪಾಯಿ ಟಿಕೆಟ್ ಇಟ್ಟಿತ್ತು. ಕಿರಿದಾದ ಪೇಟೆ ಬೀದಿಗೆ ಆ ಅಳತೆಯ ಬಸ್ಸೇ ಸರಿ. ಅರ್ಜಿ ಬರೆಯುವಾಗ ‘ಬಸ್ ನಿಲ್ದಾಣ ಸರಿಪಡಿಸಿ’ ಎಂದಷ್ಟೇ ಬರೆಯಬೇಡಿ. ಎಲ್ಲಿ, ಚೌಕದಿಂದ ಎಷ್ಟು ಮೀಟರ್, ಯಾವ ಮಾರ್ಗದ ಬಸ್ಸು, ಸಂಜೆ 6ರಿಂದ 7ರೊಳಗೆ ಎಷ್ಟು ಜನ ಹತ್ತುತ್ತಾರೆ ಎಂಬುದನ್ನು ಬರೆದು ಒಂದು ಫೋಟೋ ಲಗತ್ತಿಸಿ.

ಪ್ರಶ್ನೆ: ಸ್ಟೇಷನ್ ಹೊರಗೆ ಬೀದಿ ವ್ಯಾಪಾರಿಗಳನ್ನು ಎಬ್ಬಿಸುತ್ತಾರೆ, ಸಂಜೆಗೆ ಮತ್ತೆ ಬರುತ್ತಾರೆ. ಫುಟ್‌ಪಾತ್ ಅಗಲ ಮಾಡಿದರೆ ಇನ್ನಷ್ಟು ಮಂದಿ ಬಂದು ಕೂರುವುದಿಲ್ಲವೆ?
(ದಾದರ್, ಮುಂಬೈ)

ಉತ್ತರ: ಜಾಗ ಗುರುತಿಸದೆ ಅಗಲ ಮಾಡಿದರೆ ಖಂಡಿತ ಬರುತ್ತಾರೆ. 2017ರ ಬಾಂಬೆ ಹೈಕೋರ್ಟ್ ಆದೇಶದಂತೆ ರೈಲು ನಿಲ್ದಾಣದಿಂದ 150 ಮೀಟರ್, ಶಾಲೆ, ಆಸ್ಪತ್ರೆ, ದೇವಸ್ಥಾನಗಳಿಂದ 100 ಮೀಟರಿನೊಳಗೆ ವ್ಯಾಪಾರ ಮಾಡುವಂತಿಲ್ಲ. ಹಾಗೆಂದು ಉಳಿದ ಕಡೆ ಜಾಗ ತೋರಿಸದೆ ಎಬ್ಬಿಸುತ್ತಲೇ ಇರುವುದಕ್ಕೂ ಕಾನೂನು ಒಪ್ಪುವುದಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಮೊದಲು ಸಮೀಕ್ಷೆ, ನಂತರ ಪ್ರಮಾಣಪತ್ರ, ಅದಕ್ಕೊಂದು ಪಟ್ಟಣ ಮಾರಾಟ ಸಮಿತಿ. ಅದರಲ್ಲಿ ಕನಿಷ್ಠ ನೂರಕ್ಕೆ 40 ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಪಾಲು ಮಹಿಳೆಯರು.

ವಿನ್ಯಾಸದ ಕಡೆಯಿಂದ ಹೇಳುವುದಾದರೆ, ವ್ಯಾಪಾರಿಗೆ ಜಾಗ ಅಂಗಡಿ ಗೋಡೆಗೆ ಒತ್ತಿ ಬೇಡ, ರಸ್ತೆಯಂಚಿನ ಕಡೆ ಗಿಡ ಮತ್ತು ಕಂಬಗಳ ಸಾಲಿನಲ್ಲಿ 1.5 ಮೀಟರ್ ಆಳ, 1.5ರಿಂದ 2 ಮೀಟರ್ ಅಗಲದ ಚೌಕ ಬಣ್ಣದಲ್ಲಿ ಗುರುತಿಸಬೇಕು. ನಡುವೆ ನಡೆಯುವ ದಾರಿ ಉಳಿಯಬೇಕು. ಕೊಳ್ಳುವವರು ನಿಲ್ಲುವುದಕ್ಕೂ 0.5 ಮೀಟರ್ ಬೇಕು, ಅದನ್ನು ಲೆಕ್ಕಕ್ಕೆ ಹಿಡಿಯದೆ ಬರೆದ ನಕ್ಷೆಗಳೇ ಹೆಚ್ಚು. ಹತ್ತಿರದಲ್ಲೊಂದು ನಲ್ಲಿ, ಕಸದ ಜಾಗ, ವಿದ್ಯುತ್ ಮೀಟರ್ ಇಲ್ಲದಿದ್ದರೆ ತಿಂಡಿ ಗಾಡಿಯ ನೀರು ನೇರ ಗಿಡದ ಬುಡಕ್ಕೆ.

ಪ್ರಶ್ನೆ: ಜೂನ್ 18 ರಸ್ತೆಯ ಆಸುಪಾಸು ಗಿಡ ನೆಟ್ಟು ತಂಪಾಗಿಸಬೇಕೆಂದು ನಮ್ಮ ಕಾಲೊನಿಯವರ ಆಸೆ. ಯಾವ ಗಿಡ? ಮಳೆಗಾಲದಲ್ಲಿ ನೀರು ನಿಲ್ಲುವುದೂ ಇದೆ.
(ಪಣಜಿ, ಗೋವಾ)

ಉತ್ತರ: ನೀರಿನದನ್ನು ಮೊದಲು ಬಗೆಹರಿಸಿ. ಪಣಜಿಯಲ್ಲಿ ವರ್ಷಕ್ಕೆ ಹತ್ತಿರಹತ್ತಿರ 3000 ಮಿ.ಮೀ. ಮಳೆ. ಚರಂಡಿ ಹರಿಯುವುದು ಸೇಂಟ್ ಇನೆಜ್ ತೊರೆಗೋ ಮಾಂಡೋವಿ ನದಿಗೋ. ಜೋರು ಮಳೆ ಮತ್ತು ಸಮುದ್ರದ ಉಬ್ಬರ ಒಟ್ಟಿಗೆ ಬಿದ್ದರೆ ನೀರು ಹೊರಗೆ ಹೋಗುವ ಬದಲು ಒಳಗೆ ನುಗ್ಗುತ್ತದೆ. ಚರಂಡಿಯ ಬಾಯಿಯಲ್ಲಿ ಒಂದೇ ದಿಕ್ಕಿಗೆ ತೆರೆಯುವ ಬಾಗಿಲು ಇದೆಯೇ, ಅದಕ್ಕೆ ಪ್ಲಾಸ್ಟಿಕ್ ಸಿಕ್ಕಿ ಅರ್ಧ ತೆರೆದು ನಿಂತಿದೆಯೇ ನೋಡಿ. ಅದು ಸರಿಯಾಗದೆ ರಸ್ತೆಯ ಬದಿಯಲ್ಲಿ ಎಷ್ಟು ಜಾಲರಿ ಇಟ್ಟರೂ ವ್ಯರ್ಥ.

ಗಿಡಕ್ಕೆ 1.2 ಮೀಟರ್ ಚೌಕದ, ಒಂದು ಮೀಟರಿಗಿಂತ ಆಳದ ಗುಂಡಿ. ಗುಂಡಿಯಿಂದ ಗುಂಡಿಗೆ 8 ಮೀಟರ್, ದೀಪದ ಕಂಬ ಎರಡು ಗಿಡಗಳ ನಡುವೆ ಬರಲಿ. ಇಲ್ಲವಾದರೆ ಐದನೇ ವರ್ಷಕ್ಕೆ ಕೊಂಬೆ ದೀಪ ಮುಚ್ಚುತ್ತದೆ, ವಿದ್ಯುತ್ ಇಲಾಖೆ ಬಂದು ತಲೆ ಕಡಿಯುತ್ತದೆ. ಕರಾವಳಿಗೆ ಸುರಹೊನ್ನೆ, ಹೊಂಗೆ, ರಂಜೆ ಒಳ್ಳೆಯವು. ರಂಜೆ ನಿಧಾನವಾಗಿ ಬೆಳೆದರೂ ಗಟ್ಟಿ, ಬೇರು ಫುಟ್‌ಪಾತ್ ಎಬ್ಬಿಸುವುದಿಲ್ಲ. ಗುಲ್‌ಮೊಹರ್ ಬೇಡ, ಗಾಳಿಗೆ ಕೊಂಬೆ ಮುರಿದು ಗಾಡಿಗಳ ಮೇಲೆ ಬೀಳುತ್ತದೆ. ತೆಂಗು ಜನ ನಿಲ್ಲುವಲ್ಲಿ ಬೇಡವೇ ಬೇಡ. ಆಳೆತ್ತರ ಮೀರಿದ, 2.5 ಮೀಟರಿನ ಸಸಿಯನ್ನೇ ತರಿಸಿ ಜೂನ್ ಎರಡನೇ ವಾರದೊಳಗೆ ನೆಡಿ. ಮೂರು ವರ್ಷದ ನಿರ್ವಹಣೆ ಟೆಂಡರಿನಲ್ಲೇ ಇರಲಿ, ಸತ್ತ ಗಿಡ ಬದಲಿಸಿದ ಮೇಲೆಯೇ ಕಂತಿನ ಹಣ.

ಈಗಾಗಲೇ ಇರುವ ದೊಡ್ಡ ಮರಗಳ ಬುಡಕ್ಕೆ ಕಾಂಕ್ರೀಟ್ ಸುರಿದಿದ್ದರೆ ಹೊಸ ಗಿಡಕ್ಕಿಂತ ಮೊದಲು ಅದನ್ನು ಒಡೆಸಿ. ಸುತ್ತ ಒಂದು ಮೀಟರ್ ಮಣ್ಣು ತೆರೆದಿರಬೇಕು. ಕೈಯಿಂದ, ಉಳಿ ಸುತ್ತಿಗೆಯಿಂದ ಒಡೆಯಬೇಕು, ಬ್ರೇಕರ್ ಯಂತ್ರ ಬಳಸಿದರೆ ಬೇರು ಹೋಗುತ್ತದೆ. ಮಳೆಗಾಲದಲ್ಲಿ ಬುಡ ಸಮೇತ ಉರುಳುವ ಮರಗಳಲ್ಲಿ ಎಷ್ಟೋ, ಚರಂಡಿ ಅಗೆಯುವಾಗ ಒಂದು ಬದಿಯ ಬೇರು ಕಳೆದುಕೊಂಡವು.

ಪ್ರಶ್ನೆ: ಲಕ್ಷ್ಮಿ ರಸ್ತೆಯನ್ನು ಗಾಡಿಗಳಿಗೆ ಪೂರ್ತಿ ಮುಚ್ಚಿ, ನಡೆಯುವವರಿಗೇ ಬಿಟ್ಟರೆ ನಮ್ಮ ಉಡುಪಿ ಹೋಟೆಲಿಗೆ ಲಾಭವೋ ನಷ್ಟವೋ?
(ನಾರಾಯಣ ಪೇಟೆ, ಪುಣೆ)

ಉತ್ತರ: ಎರಡೂ ಆದದ್ದಿದೆ. ಕೋಪನ್‌ಹೇಗನ್‌ನ ಸ್ಟ್ರೋಯೆಟ್ ಬೀದಿ 1962ರಲ್ಲಿ ಗಾಡಿಗಳಿಗೆ ಮುಚ್ಚಿತು, ಇಂದಿಗೂ ಜನರಿಂದ ತುಂಬಿರುತ್ತದೆ. ಅದಕ್ಕಿಂತ ಮೊದಲೇ, 1959ರಲ್ಲಿ, ಅಮೆರಿಕದ ಕಲಮಜೂ ಊರಿನಲ್ಲಿ ಮುಚ್ಚಿದ ಬೀದಿಯ ಒಂದು ಭಾಗವನ್ನು 1998ರಲ್ಲಿ ಮತ್ತೆ ಗಾಡಿಗಳಿಗೆ ತೆರೆದರು. ಅಲ್ಲಿ ಹಾಗೆ ಮುಚ್ಚಿದ ಬೀದಿಗಳಲ್ಲಿ ಬಹುಪಾಲು ಮತ್ತೆ ತೆರೆದುಕೊಂಡಿವೆ. ಮೊದಲನೆಯದರ ಸುತ್ತ ಜನ ವಾಸವಿದ್ದರು, ರೈಲು ಬಸ್ಸಿತ್ತು. ಎರಡನೆಯದರ ಸುತ್ತಲಿನ ಜನ ಕಾರು ಹತ್ತಿ ಊರಾಚೆಯ ಅಂಗಡಿಗಳಿಗೆ ಹೋಗುವವರಾಗಿದ್ದರು. ಈ ಲೆಕ್ಕದಲ್ಲಿ ನಿಮ್ಮ ಪೇಟೆ ಕೋಪನ್‌ಹೇಗನ್ ಕಡೆಗೇ ಇದೆ.

ಆದರೂ ಪೂರ್ತಿ ಮುಚ್ಚುವುದನ್ನು ಈಗಲೇ ಕೇಳಬೇಡಿ. ಪುಣೆ ಪಾಲಿಕೆ 2021ರಿಂದ ಡಿಸೆಂಬರ್ 11ನ್ನು ಪಾದಚಾರಿ ದಿನವೆಂದು ಆಚರಿಸಿ ಲಕ್ಷ್ಮಿ ರಸ್ತೆಯ ಒಂದು ಭಾಗವನ್ನು ಆ ದಿನ ನಡೆಯುವವರಿಗೆ ಬಿಡುತ್ತಿದೆ. ವರ್ಷಕ್ಕೊಂದು ದಿನದಿಂದ ವ್ಯಾಪಾರದ ಅಂದಾಜು ಸಿಗುವುದಿಲ್ಲ, ಅದು ಜಾತ್ರೆ. ಸಂಘದಿಂದ ಎರಡು ತಿಂಗಳ ಪ್ರಯೋಗ ಕೇಳಿ: ಶನಿವಾರ, ಭಾನುವಾರ ಸಂಜೆ 4ರಿಂದ 9. ನೀರು ತುಂಬಿದ ಪ್ಲಾಸ್ಟಿಕ್ ತಡೆ ಸಾಕು, ಕಾಂಕ್ರೀಟ್ ಬೇಡ. ಅಗ್ನಿಶಾಮಕ ವಾಹನಕ್ಕೆ ಉದ್ದಕ್ಕೂ 4 ಮೀಟರ್ ತೆರವಾಗಿರಬೇಕು, ಯಾರೂ ಅಲ್ಲಿ ಕುರ್ಚಿ ಮೇಜು ಹಾಕಬಾರದು, ನಿಮ್ಮ ಹೋಟೆಲಿನವರೂ ಸೇರಿ. ವಾಡೆಗಳಲ್ಲಿ ವಾಸಿಸುವವರಿಗೆ, ರೋಗಿಗಳನ್ನು ಕರೆತರುವ ರಿಕ್ಷಾಗಳಿಗೆ ಪಾಸು. ಪಕ್ಕದ ರಸ್ತೆಗಳಲ್ಲಿ ಗಾಡಿ ಎಷ್ಟು ಹೆಚ್ಚಿತೆಂದೂ ಎಣಿಸಿ, ಇಲ್ಲದಿದ್ದರೆ ಅಲ್ಲಿನವರೇ ಮುಂದಿನ ವಾರ ತಡೆ ಕಿತ್ತು ಹಾಕುತ್ತಾರೆ. ನಿಮ್ಮ ಬಿಲ್ಲುಗಳ ಸಂಖ್ಯೆಯನ್ನು ಪ್ರಯೋಗಕ್ಕೆ ಹಿಂದಿನ ಎಂಟು ವಾರದ ಶನಿವಾರ, ಭಾನುವಾರಗಳ ಜೊತೆ ಹೋಲಿಸಿ ನೋಡಿ. ದಿಲ್ಲಿಯ ಚಾಂದನಿ ಚೌಕದಲ್ಲಿ 2021ರಿಂದ ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ಗಾಡಿಗಳಿಗೆ ನಿಷೇಧವಿದೆ, ಸರಕು ರಾತ್ರಿಯೇ ಇಳಿಯಬೇಕು. ನಿಮ್ಮ ಹೋಟೆಲಿನ ಹಾಲು, ತರಕಾರಿ, ಗ್ಯಾಸ್ ಬರುವ ಹೊತ್ತನ್ನು ಬರೆದಿಡಿ. ಮುಚ್ಚುವ ಸಮಯ ನಿಗದಿಯಾಗುವ ಸಭೆಯಲ್ಲಿ ಆ ಹಾಳೆ ಕೈಯಲ್ಲಿದ್ದರೆ ನಿಮ್ಮ ಮಾತು ನಡೆಯುತ್ತದೆ.

ಪ್ರಶ್ನೆ: ಹೊಸ ರಸ್ತೆ ಮುಗಿದ ತಿಂಗಳಿಗೇ ಕೇಬಲ್‌ನವರು ಅಗೆದು ಹೋದರೆ ಯಾರನ್ನು ಹಿಡಿಯಬೇಕು?
(ಮಡಗಾಂವ್, ಗೋವಾ)

ಉತ್ತರ: ಅಗೆಯುವ ಮೊದಲೇ ಹಿಡಿಯಬೇಕು. ಕೆಲಸ ಶುರುವಾಗುವ ಮೂರು ತಿಂಗಳ ಹಿಂದೆ ಪಾಲಿಕೆ ವಿದ್ಯುತ್, ನೀರು, ದೂರವಾಣಿ, ಗ್ಯಾಸ್ ಎಲ್ಲರಿಗೂ ಲಿಖಿತವಾಗಿ ತಿಳಿಸಿ, ಈಗಲೇ ಹಾಕಿಕೊಳ್ಳಿ, ಆಮೇಲೆ ಐದು ವರ್ಷ ಅನುಮತಿ ಇಲ್ಲ ಎನ್ನಬೇಕು. ಜೊತೆಗೆ ರಸ್ತೆಯಡಿ ಅಡ್ಡಕ್ಕೆ 150 ಮಿ.ಮೀ.ನ ಎರಡು ಮೂರು ಖಾಲಿ ಕೊಳವೆಗಳನ್ನು ಪ್ರತಿ 50 ಮೀಟರಿಗೊಮ್ಮೆ ಹಾಕಿಸಿ, ಎರಡೂ ತುದಿಗೆ ಮುಚ್ಚಳವಿರುವ ಗುಂಡಿ ಕಟ್ಟಿಸಿ, ಒಳಗೆ ನೈಲಾನ್ ಹಗ್ಗ ಬಿಟ್ಟಿರಬೇಕು. ಆ ಹಗ್ಗಕ್ಕೆ ಕಟ್ಟಿ ಎಳೆದರೆ ಹೊಸ ಕೇಬಲ್ ಅಗೆಯದೆ ದಾಟುತ್ತದೆ. ಕೊಳವೆ ಎಲ್ಲಿದೆ ಎಂಬ ನಕ್ಷೆಯ ಪ್ರತಿ ವಾರ್ಡ್ ಕಚೇರಿಯಲ್ಲೂ ನಿಮ್ಮ ಸಂಘದಲ್ಲೂ ಇರಲಿ. ಎಷ್ಟೋ ಕಡೆ ಕೊಳವೆ ಹಾಕಿದ್ದೂ ಗುರುತು ತಿಳಿಯದೆ ಅದರ ಪಕ್ಕದಲ್ಲೇ ಅಗೆದದ್ದಿದೆ. ಇಷ್ಟಾಗಿಯೂ ಅಗೆದರೆ ಅನುಮತಿ ಪತ್ರದ ಸಂಖ್ಯೆ ಕೇಳಿ, ಅಗೆಯುವ ಮೊದಲಿನ ಮತ್ತು ಮುಚ್ಚಿದ ನಂತರದ ಫೋಟೋ ತೆಗೆದು, ಮರುಭರ್ತಿಗೆ ಕಟ್ಟಿದ ಠೇವಣಿಯನ್ನು ಕೆಲಸ ಸರಿಯಾಗುವವರೆಗೆ ಬಿಡಬಾರದೆಂದು ಪಾಲಿಕೆಯ ಎಂಜಿನಿಯರಿಗೆ ಬರೆದು ಕೊಡಿ.